ಸಾದಾ ದಿನದ ಮುಖ

ಗಜೇಂದ್ರಗಡ
12 ಜನವರಿ 2024

ದೋಸ್ತ ನೀಲಪ್ಪ,

ಈ ಲಕೋಟೆಯಲ್ಲಿ ತೀರಿಕೊಂಡ ನರೇಗಲ್ಲಿನ ಡ್ರೈವರ್ ಸಾಹೇಬರ ಫೋಟೋ ಪ್ರಿಂಟುಗಳಿವೆ. ರೋಣದ ಮೇಲೆ ಹೋಗುವ ನರಗುಂದದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟಿದ್ದೇನೆ. ನಿಮ್ಮ ಮನೆಗೆ, ಭಾರತಿ ವೈನಿಯವರಿಗೆ ಫೋನ್ ಮಾಡಿ ಹೇಳಿದ್ದೇನೆ, ಅವರೇ ಸ್ಟ್ಯಾಂಡಿಗೆ ಬಂದು ತೆಗೆದುಕೊಳ್ಳುತ್ತಾರೆ. ನಿನಗೆ ಫೋನ್ ಮಾಡುವುದನ್ನು ನಾನು ಬಿಟ್ಟು ವರ್ಷವಾಯಿತು. ಕಲ್ಲು ಕೊಯ್ಯುವ ಮಷಿನ್ ನಿನ್ನ ಕಿವಿ ತಿಂದುಹಾಕಿದೆ. ನಾನು ಸ್ಟುಡಿಯೋದಲ್ಲಿ ನಿಂತು ಕೂಗಿದರೆ ನಮ್ಮ ವ್ಯವಹಾರ ಬಜಾರಿಗೆಲ್ಲ ತಿಳಿಯುತ್ತದೆ, ನಿನಗೊಬ್ಬನಿಗೆ ತಿಳಿಯುವುದಿಲ್ಲ. ಮೊಬೈಲಿನಲ್ಲಿ ಬರೆದು ಕಳಿಸಿದರೆ ಕೈಗೆ ಮಣ್ಣು ಮೆತ್ತಿದೆ ಎಂದು ನೀನು ವಾರಗಟ್ಟಲೆ ನೋಡುವುದಿಲ್ಲ. ಅದಕ್ಕೇ ಈ ಕಾಗದ.

ಡ್ರೈವರ್ ಸಾಹೇಬರ ಮಗ ಪ್ರಬುದ್ಧ ಮೊದಲು ತಂದುಕೊಟ್ಟದ್ದು ಯಾರದೋ ಮದುವೆಯ ಫೋಟೋ. ತಲೆಗೆ ಪೇಟ, ಮೈಮೇಲೆ ಬೇರೆಯವರ ಕೋಟು. ಅಪ್ಪನ ಮೂರ್ತಿ ಹೊಲದಲ್ಲಿ ಹೀಗೇ ಕೂರಬೇಕು ಎಂದ. ನಾನು ಅವನನ್ನು ಕೂರಿಸಿ ಚಹಾ ಕುಡಿಸಿ, ಡಿಪೋದಲ್ಲಿ ನೌಕರರೆಲ್ಲ ನಿಂತು ತೆಗೆಸಿಕೊಂಡ ಹಳೆಯ ಫೋಟೋ ಮನೆಯಿಂದ ತರಿಸಿದೆ. ಅದರಲ್ಲಿ ಖಾಕಿ ಅಂಗಿ ಇದೆ, ಹೆಗಲ ಮೇಲೆ ಟವೆಲ್ಲಿದೆ. ಅದನ್ನೇ ದೊಡ್ಡದು ಮಾಡಿ ಕಳಿಸಿದ್ದೇನೆ. ಹೈಸ್ಕೂಲಿನಲ್ಲಿದ್ದಾಗ ಕಾಲಕಾಲೇಶ್ವರದ ಗುಡ್ಡದ ಮೇಲೆ ಕೂತು ನಾವಿಬ್ಬರೂ ಮಾಡಿಕೊಂಡ ಕರಾರು ನೆನಪಿದೆಯಲ್ಲ. ನಾನು ಫೋಟೋ ತೆಗೆದರೂ, ನೀನು ಮೂರ್ತಿ ಮಾಡಿದರೂ, ಮನುಷ್ಯ ಸಾದಾ ದಿನದಲ್ಲಿ ಹೇಗಿದ್ದನೋ ಆ ಮುಖವನ್ನೇ ತೋರಿಸಬೇಕು. ಈ ಕರಾರಿನಿಂದ ನಮಗಾದ ನಷ್ಟ ಬಹಳ, ಆದರೂ ಮುರಿದಿಲ್ಲ.

ಇನ್ನು ನನ್ನ ಮಾತು. ಅಮ್ಮಿ ಹೋಗಿ ತಿಂಗಳಾಗುತ್ತ ಬಂತು. ನೀನು ಬಂದು ಮಣ್ಣು ಕೊಟ್ಟು ಹೋದೆ. ಮೊನ್ನೆ ಹಳ್ಳಿಯೊಂದರಲ್ಲಿ ಹಿರಿಯರೊಬ್ಬರು ತೀರಿಕೊಂಡರೆಂದು ಕರೆ ಬಂತು. ಗೊತ್ತಲ್ಲ, ಗೋಡೆಗೆ ಒರಗಿಸಿ ಕೂರಿಸಿರುತ್ತಾರೆ, ಹಣೆತುಂಬ ವಿಭೂತಿ, ಕೊರಳಲ್ಲಿ ಹಾರ. ಮನೆಮಂದಿ ಎರಡೂ ಕಡೆ ನಿಂತರು. "ಸಾಬ್ರ, ಅಜ್ಜನ ಮುಖ ಚಲೋ ಬರೂವಂಗ ತಗೀರಿ" ಎಂದರು. ತೆಗೆದೆ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಅಮ್ಮಿಯ ಮುಖ ನೆನಪಿಸಿಕೊಳ್ಳಲು ಕಣ್ಣು ಮುಚ್ಚಿದೆ. ಬರಲಿಲ್ಲ. ಎಡಗಿವಿ ಬಂತು. ಕೆನ್ನೆ ಬಂತು, ಸೆರಗು ಬಂತು. ಮಣ್ಣು ಮಾಡುವ ಮೊದಲು ನೋಡಿದ ಮುಖ ಬರುತ್ತದೆ, ಕಣ್ಣು ಮುಚ್ಚಿದ್ದು. ಅದು ನನಗೆ ಬೇಡ. ಬದುಕಿದ್ದ ಮುಖ ಬರುತ್ತಿಲ್ಲ.

ಅವಳು ಒಂದು ಫೋಟೋಕ್ಕೂ ಕೂರಲಿಲ್ಲವೆಂಬುದು ನಿನಗೆ ಗೊತ್ತು. ಇರುವುದು ಆಧಾರ ಕಾರ್ಡಿನದೊಂದು. ಅದರಲ್ಲಿರುವುದು ಅಮ್ಮಿಯೆಂದು ಸರಕಾರ ನಂಬಿದೆ, ನಾನು ನಂಬಿಲ್ಲ.

ನೀನು ಮುಶಿಗೇರಿಯಿಂದ ಬಂದು ಮೂರು ವರ್ಷ ನಮ್ಮ ಮನೆಯಲ್ಲಿ ಉಂಡು ಸಾಲಿ ಕಲಿತವನು. ನಿನ್ನ ಕೈಗೆ ಅವಳ ಮುಖ ಗೊತ್ತಿರಬೇಕು. ಮಣ್ಣಿನಲ್ಲಿ ಮಾಡಿಕೊಡು.

ನಿನ್ನ
ಮುನಾವರ


ನರಗುಂದ
30 ಜನವರಿ 2024

ಮುನಾವರ,

ಲಕೋಟೆ ಬಂತು. ಕಂಡಕ್ಟರ್ ಅದನ್ನು ಸೀಟಿನ ಕೆಳಗಿಟ್ಟು ಅದರ ಮೇಲೆ ಯಾರದೋ ಜೋಳದ ಚೀಲ ಇಟ್ಟಿದ್ದ. ಡ್ರೈವರ್ ಸಾಹೇಬರ ಒಂದು ಮೂಲೆ ಮಡಚಿದೆ, ಮುಖ ಉಳಿದಿದೆ.

ಮಣ್ಣಿನ ತಲೆ ಮುಗಿಸಿ ಮನೆಯವರನ್ನು ಕರೆಸಿದ್ದೆ. ಪ್ರಬುದ್ಧ ಬಾಗಿಲಲ್ಲೇ ನಿಂತು "ಬರೋಬರಿ ಐತ್ರಿ" ಎಂದ. ಗಂಡುಮಕ್ಕಳು ಹೀಗೇ, ನೋಡುವ ಮೊದಲೇ ಬರೋಬರಿ ಎನ್ನುತ್ತಾರೆ. ಅವನ ತಾಯಿ ಮಾತ್ರ ಸುತ್ತು ಹಾಕಿ ಬಂದು ಮುಂದೆ ನಿಂತು, "ಮೀಸಿ ಹಿಂಗ ಇರ್ಲಿಲ್ರಿ. ಬೀಡಿ ಸೇದಿ ಸೇದಿ ಈ ಕಡಿದು ಸುಟ್ಟು ಗಿಡ್ಡ ಆಗಿತ್ತು" ಎಂದಳು. ಆಮೇಲೆ ಬಾಯಿ ಬಿಚ್ಚಿದವಳು ನಿಲ್ಲಲಿಲ್ಲ. ಹಣೆಯ ನೆರಿಗೆ, ಗಲ್ಲದ ಕುಳಿ, ಸ್ಟೇರಿಂಗ್ ಹಿಡಿದಾಗ ಕುತ್ತಿಗೆ ಎತ್ತ ವಾಲುತ್ತಿತ್ತು, ಎಲ್ಲ ಹೇಳಿದಳು. ನನಗೆ ಬೇಕಾದದ್ದು ಅದೇ.

ಮೀಸೆಯನ್ನು ನಾನು ಬೇಕಂತಲೇ ಸರಿಸಮ ಮಾಡಿದ್ದೆ. ನೀನು ಕಳಿಸಿದ ಫೋಟೋದಲ್ಲಿ ಗಿಡ್ಡ ಇದ್ದದ್ದು ನನಗೆ ಕಂಡಿತ್ತು. ಮನೆಯವರು ನೋಡಲು ಬಂದಾಗ ನಾನು ಒಂದು ತಪ್ಪು ಇಟ್ಟಿರುತ್ತೇನೆ. ಸರಿ ಇದೆಯೋ ಎಂದು ಕೇಳಿದರೆ ಜನ ನನ್ನ ಮುಖ ನೋಡಿ, ಪಾಪ ಕಷ್ಟಪಟ್ಟಿದ್ದಾನೆ ಎಂದು ಚಲೋ ಐತಿ ಅನ್ನುತ್ತಾರೆ. ತಪ್ಪು ಕಂಡರೆ ಮಾತ್ರ ಮೂರ್ತಿಯ ಮುಖ ನೋಡುತ್ತಾರೆ. ನೀನು ಇದನ್ನು ಮೋಸ ಎನ್ನುತ್ತೀ. ಎನ್ನು. ಕೆಲಸ ನಡೆಯುತ್ತದೆ.

ಇನ್ನು ನಿನ್ನ ಅಮ್ಮಿ, ನನ್ನ ಚಾಚಿಯ ವಿಷಯ. ನಿನ್ನ ಕಾಗದ ಓದಿ ನಾನು ಒಂದು ದಿನ ಮಣ್ಣು ಮುಟ್ಟಲಿಲ್ಲ. ಮಾಡಲು ಮನಸ್ಸಿದೆ, ಆದರೆ ಎರಡು ಮಾತು. ಅವಳು ನಿನ್ನ ಕ್ಯಾಮರಾದ ಮುಂದೆ ಕೂರಲಿಲ್ಲ. ನನ್ನ ಮಣ್ಣಿನ ಮುಂದೆ ಕೂರುತ್ತಿದ್ದಳೋ ಇಲ್ಲವೋ, ನಾನು ಕೇಳಿಲ್ಲ. ಈಗ ಕೇಳಲು ಅವಳಿಲ್ಲ. ಆದ್ದರಿಂದ ಫರ್ಜಾನಾಳನ್ನು ಕೇಳು. ನೀನು ಎಷ್ಟು ಮಗನೋ ಅವಳೂ ಅಷ್ಟೇ ಮಗಳು. ನಿಮ್ಮಲ್ಲಿ ಮೂರ್ತಿ ಇಡುವುದಿಲ್ಲ, ನಾಳೆ ನನ್ನ ಕೈಯಿಂದ ನಿಮ್ಮ ಮನೆ ಒಡೆಯಬಾರದು.

ಎರಡನೆಯದು, ಎಲ್ಲ ಮನೆಯವರನ್ನೂ ಕೇಳುವುದನ್ನು ನಿನ್ನನ್ನೂ ಕೇಳುತ್ತೇನೆ. ಯಾವ ಹುಬ್ಬು ಮೇಲಿತ್ತು? ನಗು ಮೊದಲು ಎಲ್ಲಿ ಕಾಣುತ್ತಿತ್ತು, ಕಣ್ಣಲ್ಲೋ ಬಾಯಲ್ಲೋ? ಸಿಟ್ಟಾದಾಗ ಯಾವ ಕಡೆ ನೋಡುತ್ತಿದ್ದಳು? ಬರೆದು ಕಳಿಸು. ಅಮ್ಮಿ ಎಂದರೆ ಅಮ್ಮಿಯಂತಿದ್ದಳು ಎಂದು ಬರೆಯಬೇಡ.

ನಿನ್ನ
ನೀಲಪ್ಪ


ಗಜೇಂದ್ರಗಡ
11 ಫೆಬ್ರುವರಿ 2024

ನೀಲಪ್ಪ,

ಉತ್ತರ ಬರೆಯಲು ಕೂತೆ. ಎಡಗಿವಿಯ ಬಗ್ಗೆ ಪುಟ ತುಂಬುವಷ್ಟು ಬರೆಯಬಲ್ಲೆ. ಕಿವಿಯ ಹಾಲೆ ಹರಿದು ಹೊಲಿಸಿದ್ದು, ಮಧ್ಯೆ ಸಣ್ಣ ಗಂಟಿನ ಹಾಗೆ ಹೊಲಿಗೆಯ ಗುರುತು. ನಾನು ಕೂಸಿದ್ದಾಗ ಬಾಲಿ ಹಿಡಿದು ಜಗ್ಗಿ ಹರಿದದ್ದಂತೆ. ಆಮೇಲೆ ಅದರ ಮೇಲ್ಗಡೆ ಬೇರೆ ತೂತು ಚುಚ್ಚಿಸಿಕೊಂಡಳು. ಎಡಗೆನ್ನೆಯ ಎಲುಬು ಸ್ವಲ್ಪ ಎದ್ದು ಕಾಣುತ್ತಿತ್ತು. ಎಡಗಣ್ಣಿನ ಮೂಲೆಯಲ್ಲಿ ಮೂರು ನೆರಿಗೆ. ಇಷ್ಟಾದ ಮೇಲೆ ಪೆನ್ನು ನಿಂತಿತು. ಬಲಗಡೆ ಏನಿತ್ತೆಂದು ನನಗೆ ಗೊತ್ತಿಲ್ಲ. ಹುಬ್ಬು ಗೊತ್ತಿಲ್ಲ. ನಗು ಗೊತ್ತಿಲ್ಲ.

ಯಾಕೆಂದು ಯೋಚಿಸಿದೆ. ಒಂಬತ್ತನೆಯ ಇಯತ್ತೆಯಲ್ಲಿ ಅಬ್ಬಾ ತನ್ನ ಹಳೆಯ ಕ್ಯಾಮರಾ ನನ್ನ ಕೊರಳಿಗೆ ಹಾಕಿದ. ನಿನಗೆ ನೆನಪಿರಬೇಕು, ಅಂದಿನಿಂದ ಅದನ್ನು ನಾನು ಇಳಿಸಲಿಲ್ಲ. ಅಂದಿನಿಂದ ಅಮ್ಮಿಯೂ ನನ್ನನ್ನು ಕಂಡ ಕೂಡಲೇ ಮುಖ ಆಚೆ ತಿರುಗಿಸಿದಳು. ಒಲೆಯ ಮುಂದೆ, ಕಟ್ಟೆಯ ಮೇಲೆ, ಫರ್ಜಾನಾಳ ಮದುವೆಯಲ್ಲಿ, ಎಲ್ಲ ಕಡೆ. ಅದು ಅವಳಿಗೆ ರೂಢಿಯೇ ಆಯಿತು. ಕೊನೆಕೊನೆಗೆ ಮೊಮ್ಮಕ್ಕಳು ಮೊಬೈಲ್ ಎತ್ತಿದರೂ ಸೆರಗು ಎಳೆಯುತ್ತಿದ್ದಳು. ಇನ್ನು ಉಣ್ಣುವ ಹೊತ್ತಿನಲ್ಲಿ ಮೊಬೈಲಿನಲ್ಲಿ ಗಿರಾಕಿಗಳ ಮುಖ ತಿದ್ದುತ್ತ ಕೂರುತ್ತಿದ್ದವನು ನಾನು. ತಾಟಿಗೆ ರೊಟ್ಟಿ ಬೀಳುತ್ತಿತ್ತು, ತಲೆ ಎತ್ತುತ್ತಿರಲಿಲ್ಲ.

ಈ ಊರಿನ ಎಲ್ಲರ ಮುಖವೂ ನನ್ನ ಕಪಾಟಿನಲ್ಲಿದೆ. ಅಬ್ಬಾನ ಕಾಲದ ನೆಗೆಟಿವ್‌ಗಳನ್ನೂ ತೆಗೆದು ಹುಡುಕಿದೆ. ಫರ್ಜಾನಾಳ ಮದುವೆಯ ರೋಲಿನಲ್ಲಿ ಅಮ್ಮಿಯ ಮೊಣಕೈ ಸಿಕ್ಕಿತು. ಇನ್ನೊಂದರಲ್ಲಿ ಬಾಗಿಲ ಹಿಂದೆ ಸರಿಯುವ ಸೆರಗು. ಅಬ್ಬಾ ಚಹಾ ಇಸಿದುಕೊಳ್ಳುವ ಫೋಟೋದಲ್ಲಿ ಕಪ್ಪು-ಬಸಿ ಹಿಡಿದ ಅವಳ ಕೈ. ಮುಖ ಎಲ್ಲೂ ಇಲ್ಲ. ಇವನ್ನೆಲ್ಲ ಪ್ರಿಂಟ್ ಹಾಕಿ ಇಟ್ಟಿದ್ದೇನೆ, ಜೊತೆಗೆ ಆಧಾರದ ಝೆರಾಕ್ಸ್. ನಗಬೇಡ.

ಯಾಕೆ ಬೇಡವೆನ್ನುತ್ತಿದ್ದಳೆಂದು ನಾನು ಕೇಳಲಿಲ್ಲ. ನಾಚಿಕೆ ಎಂದುಕೊಂಡೆ, ಧರ್ಮ ಎಂದುಕೊಂಡೆ. ಆದರೆ ಅವಳಿಗಿಂತ ಕಟ್ಟುನಿಟ್ಟಿನ ಹೆಂಗಸರೆಲ್ಲ ಆ ಮದುವೆಯಲ್ಲಿ ಸಾಲಾಗಿ ಕೂತು ತೆಗೆಸಿಕೊಂಡರು.

ಫರ್ಜಾನಾಳಿಗೆ ಫೋನಿನಲ್ಲಿ ಹೇಳಿದೆ. "ಭಾಯಿ, ನಿನಗ ತಲಿ ಕೆಟ್ಟೈತಿ" ಎಂದು ಫೋನ್ ಇಟ್ಟಳು. ನಾನು ಹೋಗಿ ಮಾತಾಡುತ್ತೇನೆ. ನನಗೆ ಹೆದರಿಕೆಯಾಗಿದೆ ನೀಲಪ್ಪ. ಈಗ ಸಿಗದಿದ್ದರೆ ಇನ್ನು ಯಾವಾಗಲೂ ಸಿಗುವುದಿಲ್ಲ. ಇದ್ದವರನ್ನೆಲ್ಲ ಉಳಿಸಿ ಕೊಡುವುದೇ ನನ್ನ ಕಸುಬು, ನನ್ನ ಮನೆಯದೇ ಹೋಯಿತು.

ನಿನ್ನ
ಮುನಾವರ


ಹೊಳೆಆಲೂರು
9 ಮಾರ್ಚ್ 2024

ನೀಲಪ್ಪಣ್ಣನವರಿಗೆ ಫರ್ಜಾನಾ ಮಾಡುವ ಸಲಾಂ.

ನಿಮಗೆ ಫೋನಿನಲ್ಲಿ ಕೇಳಿಸುವುದಿಲ್ಲ ಎಂದು ಭಾಯಿ ಹೇಳಿದ, ಅದಕ್ಕೆ ಬರೆಯುತ್ತಿದ್ದೇನೆ. ಮಗಳ ಸಾಲಿಯ ನೋಟಬುಕ್ಕಿನ ಹಾಳೆ, ತಪ್ಪು ತಿಳಿಯಬೇಡಿ.

ಅಮ್ಮಿಯ ತಲೆ ಮಾಡುವ ಮಾತು ನನಗೆ ಸರಿಬಂದಿಲ್ಲ. ನಮ್ಮಲ್ಲಿ ಅದು ಇಲ್ಲ. ಅಮ್ಮಿಗೂ ಬೇಕಾಗಿರಲಿಲ್ಲ. ಇದ್ದಾಗ ಬೇಡವೆಂದದ್ದನ್ನು ಹೋದ ಮೇಲೆ ಮಾಡುವುದು ಯಾವ ನ್ಯಾಯ? ಇದನ್ನೇ ಬರೆದು ಮುಗಿಸಬೇಕೆಂದು ಹೋದ ತಿಂಗಳು ಕೂತಿದ್ದೆ.

ಆದರೆ ಹೋದ ಶುಕ್ರವಾರ ಭಾಯಿ ಬಂದಿದ್ದ. ನಾನು ರೊಟ್ಟಿ ಬಡಿಯುತ್ತಿದ್ದೆ. ಅಡಿಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ. "ಏನ್ ನೋಡ್ತಿ?" ಎಂದೆ. "ನೀ ಅಮ್ಮಿಯಂಗ ಇದ್ದೀ ಏನು ಅಂತ ನೋಡಾಕತ್ತೀನಿ" ಎಂದ. ನಾನು ಅಬ್ಬಾನ ಹಾಗೆ ಇದ್ದೇನೆಂದು ಊರಿಗೆಲ್ಲ ಗೊತ್ತು, ಅವನಿಗೂ ಗೊತ್ತು. ಉಣ್ಣು ಎಂದರೆ ಉಣ್ಣಲಿಲ್ಲ. ಬಿಸಿಲಲ್ಲಿ ಸ್ಟೇಷನ್ ಕಡೆ ನಡೆದುಹೋದ. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಅದಕ್ಕೆ ನನ್ನ ಮಾತು ಇಷ್ಟು. ಮಾಡಿರಿ. ಆದರೆ ಮಣ್ಣಿನಲ್ಲಿ ಮಾತ್ರ. ಅಚ್ಚು ತೆಗೆಯಬಾರದು, ಸುಡಬಾರದು, ಎಲ್ಲಿಯೂ ಇಡಬಾರದು. ಭಾಯಿ ಒಂದು ಸಲ ನೋಡಲಿ. ಅವನು ಕ್ಯಾಮರಾ ತರಬಾರದು, ಮೊಬೈಲಿನಲ್ಲೂ ತೆಗೆಯಬಾರದು. ಆಮೇಲೆ ಆ ಮಣ್ಣು ಎಲ್ಲಿಂದ ಬಂತೋ ಅಲ್ಲಿಗೆ ಹೋಗಬೇಕು. ನೀವು ಮಣ್ಣು ಒಯ್ಯುವುದು ನಮ್ಮ ಹೊಳೆಯಿಂದಲೇ ಎಂದು ಕೇಳಿದ್ದೇನೆ. ನಾನು ದಂಡೆಯ ಮೇಲೆ ಇರುತ್ತೇನೆ.

ಇನ್ನೊಂದು. ಅಮ್ಮಿಯ ಬಲಹುಬ್ಬಿನ ತುದಿಯಲ್ಲಿ ಕೂದಲಿಲ್ಲದ ಸಣ್ಣ ಗೆರೆ ಇತ್ತು. ಸಣ್ಣಾಕಿ ಇದ್ದಾಗ ಕೊಡ ಬಡಿದದ್ದು. ಭಾಯಿಗೆ ಗೊತ್ತಿರಲಿಕ್ಕಿಲ್ಲ.

ಇನ್ನೆರಡು ಮೂರು ದಿನದಲ್ಲಿ ರಂಜಾನ್ ಹಿಡಿಯುತ್ತದೆ. ಭಾರತಿ ಅಕ್ಕನಿಗೆ ನೆನಪು ಮಾಡಿದೆನೆಂದು ಹೇಳಿರಿ. ಹಬ್ಬಕ್ಕೆ ಶೀರಖುರಮಾ ಕಳಿಸುತ್ತೇನೆ.

ನಿಮ್ಮ ತಂಗಿ
ಫರ್ಜಾನಾ


ನರಗುಂದ
16 ಏಪ್ರಿಲ್ 2024

ಮುನಾವರ,

ಶೀರಖುರಮಾ ಡಬ್ಬಿ ಮುಟ್ಟಿತು. ಭಾರತಿ ನನಗೆ ಒಂದೇ ಬಟ್ಟಲು ಕೊಟ್ಟಳು, ಸಕ್ಕರೆ ಕಾಯಿಲೆಯ ನೆಪ ಹೇಳಿ ಉಳಿದದ್ದನ್ನು ತಾನೇ ಮುಗಿಸಿದಳು.

ಚಾಚಿಯ ತಲೆ ಸಿದ್ಧವಾಗಿದೆ. ಫರ್ಜಾನಾ ಹಾಕಿದ ಕರಾರು ನಿನಗೂ ಹೇಳಿದ್ದಾಳಂತೆ. ನನಗೆ ಅದು ಒಪ್ಪಿಗೆ. ಬರುವಾಗ ಕ್ಯಾಮರಾ ತರಬೇಡ. ಮೊಬೈಲನ್ನು ಭಾರತಿ ಕೈಗೆ ಕೊಟ್ಟು ಶೆಡ್ಡಿನ ಒಳಗೆ ಬಾ. ಗೊಣಗಬೇಡ.

ಎರಡು ಸಲ ಕೆಡಿಸಿ ಮಾಡಿದೆ. ಮೊದಲು ಮುದುಕಿ ಚಾಚಿಯನ್ನು ಮಾಡಲು ಹೋದೆ, ಕೈಗೆ ಬರಲಿಲ್ಲ. ಈಚೆಗೆ ನಾನು ಅವಳನ್ನು ನೋಡಿದ್ದು ಹಬ್ಬಕ್ಕೊಮ್ಮೆ, ಅದೂ ಗಡಬಡಿಯಲ್ಲಿ. ಕೈಗೆ ಗೊತ್ತಿದ್ದದ್ದು ನಾನು ಉಂಡ ಕಾಲದ ಚಾಚಿ. ಅದನ್ನೂ ಎದುರಿಗೆ ನಿಂತು ಮಾಡಿದರೆ ಬೇರೆ ಯಾರೋ ಆಗುತ್ತಿದ್ದಳು. ಆಮೇಲೆ ತಿಳಿಯಿತು, ನಾನು ಆಕೆಯ ಮುಖವನ್ನು ನಿಂತು ನೋಡಿದ್ದೇ ಇಲ್ಲ. ನಾನು ನೆಲದ ಮೇಲೆ ಕೂತಿರುತ್ತಿದ್ದೆ, ಅವಳು ರೊಟ್ಟಿ ಹಿಡಿದು ಬಗ್ಗಿ ನೋಡುತ್ತಿದ್ದಳು. ತಿರುಗುವ ಹಲಗೆಯನ್ನು ಕಲ್ಲಿನ ಮೇಲೆ ಅಷ್ಟು ಎತ್ತರಕ್ಕೆ ಏರಿಸಿ, ಚಾಪೆ ಹಾಸಿ ಕೂತು, ಕತ್ತು ಎತ್ತಿ ಮಾಡಿದೆ. ಆಗ ಬಂದಳು. ಕುತ್ತಿಗೆ ಹಿಡಿದುಕೊಂಡಿದೆ, ಅದು ಬೇರೆ ಮಾತು. ಹುಬ್ಬಿನ ಗೆರೆಯನ್ನು ಫರ್ಜಾನಾ ಹೇಳಿದಳು, ಅದನ್ನೂ ಮಾಡಿದ್ದೇನೆ.

ಫೋಟೋ ಯಾಕೆ ಬೇಡವೆನ್ನುತ್ತಿದ್ದಳೆಂದು ನಿನಗೆ ಗೊತ್ತಿಲ್ಲವೆಂದು ಬರೆದಿದ್ದೀ. ನನಗೆ ಗೊತ್ತಿದೆ. ನಾನು ಒಮ್ಮೆ ಕೇಳಿದ್ದೆ. ನೀನು ಅಂಗಳದಲ್ಲಿ ಕೋಳಿಯ ಫೋಟೋ ತೆಗೆಯುತ್ತಿದ್ದೆ. ಚಾಚಿ ಹೇಳಿದ್ದು ಹೀಗೆ: "ಫೋಟೋದ ಹೆದರಿಕಿ ನನಗ ಎಲ್ಲಿದೊ ನೀಲಪ್ಪ. ಇಂವ ಅದನ್ನ ಕಣ್ಣಿಗಿ ಹಿಡದ್ನಂದ್ರ ಬೆಳಕ ನೋಡ್ತಾನ, ಗ್ವಾಡಿ ನೋಡ್ತಾನ, ನನ್ನ ನೋಡೂದಿಲ್ಲ. ಅದನ್ನ ಕೆಳಗಿಟ್ಟು ಬರ್ಲಿ, ನಾನೂ ಈ ಕಡಿ ತಿರಗ್ತೀನಿ." ನಾನು ಇದನ್ನು ಅಂದೇ ಅಂಗಳಕ್ಕೆ ಬಂದು ನಿನಗೆ ಹೇಳಿದೆ. ನೀನು ಕ್ಯಾಮರಾದಿಂದ ಕಣ್ಣು ತೆಗೆಯದೆ, "ಆ ಕಡಿ ಸರಿ, ಬೆಳಕಿಗೆ ಅಡ್ಡ ಬಂದೀ" ಎಂದೆ.

ಈ ಬಿಸಿಲಿಗೆ ಒದ್ದೆ ಬಟ್ಟೆ ಎಷ್ಟು ಬದಲಿಸಿದರೂ ಮಣ್ಣು ಬಿರಿಯುತ್ತದೆ. ಲಗೂ ಬಾ.

ನಿನ್ನ
ನೀಲಪ್ಪ


ಗಜೇಂದ್ರಗಡ
28 ಏಪ್ರಿಲ್ 2024

ನೀಲಪ್ಪ,

ನಿನ್ನೆದುರಿಗೆ ಹೇಳಲಾಗಲಿಲ್ಲ. ಹೇಳಿದ್ದರೂ ನಿನಗೆ ಕೇಳಿಸುತ್ತಿರಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಮೊಬೈಲ್ ಕೊಟ್ಟು ಒಳಗೆ ಬಂದಾಗಲೇ ನನಗೆ ಅಂಗಿ ಹಾಕಿಕೊಳ್ಳದೆ ಬಂದ ಹಾಗೆ ಆಗಿತ್ತು. ನೀನು ಚಾಪೆಯ ಮೇಲೆ ಕೂರಿಸಿದೆ. ಮುಂದೆ ಒಂದು ಖಾಲಿ ತಾಟು ಬೇರೆ ಇಟ್ಟೆ. ನಾಟಕದವನು ನೀನು ಎಂದು ಮನಸ್ಸಿನಲ್ಲೇ ಬೈದೆ. ಆಮೇಲೆ ನೀನು ಒದ್ದೆ ಬಟ್ಟೆ ತೆಗೆದೆ.

ಮೊದಲು ನಾನು ನೋಡಿದ್ದು ಬೆಳಕನ್ನು. ಅದನ್ನು ಈಗ ಒಪ್ಪಿಕೊಳ್ಳುತ್ತೇನೆ. ಕಿಟಕಿ ಉತ್ತರಕ್ಕಿದೆ, ಕೆನ್ನೆಯ ಕೆಳಗೆ ನೆರಳು ಚೆನ್ನಾಗಿ ಬಿದ್ದಿದೆ, ಸ್ವಲ್ಪ ಎಡಕ್ಕೆ ಸರಿದರೆ ಇನ್ನೂ ಚೆನ್ನ ಎಂದುಕೊಂಡೆ. ಕೈ ಎದೆಯ ಹತ್ತಿರ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಆಮೇಲೆ ಕಣ್ಣಿಗೆ ಬೇರೆ ಕೆಲಸ ಉಳಿಯಲಿಲ್ಲ. ಸುಮ್ಮನೆ ನೋಡುತ್ತ ಕೂತೆ. ನಾನು ಸಣ್ಣವನಿದ್ದಾಗಿನ ಅಮ್ಮಿ. ಹುಬ್ಬು ಇತ್ತು, ಆ ಗೆರೆ ಇತ್ತು, ಹಣೆ ಇತ್ತು. ಆದರೂ ಇವಳು ಅಮ್ಮಿಯಲ್ಲ ಅನ್ನಿಸುತ್ತಿತ್ತು. ಯಾಕೆಂದು ತಿಳಿಯದೆ ನಿನ್ನ ಮೇಲೆ ಸಿಟ್ಟು ಬಂತು.

ಆಮೇಲೆ ಕಂಡಿತು. ಬಾಯಿ. ನೀನು ತುಟಿ ಮುಚ್ಚಿದ್ದೆ. ಉಂಡು ತಿಂದು ತೃಪ್ತಿಯಾದ ಹೆಂಗಸಿನ ಬಾಯಿ ಅದು. ಅಮ್ಮಿ ರೊಟ್ಟಿ ಹಿಡಿದು "ಹಾಕ್ಲೇನು?" ಎಂದು ಕೇಳುತ್ತಿದ್ದಳು. ಕೇಳಿದ ಮೇಲೆ ನಾನು ಹೂಂ ಎನ್ನುವ ತನಕ ಬಾಯಿ ಮುಚ್ಚುತ್ತಿರಲಿಲ್ಲ. ತುಟಿಗಳ ನಡುವೆ ಒಂದು ಎಳೆಯಷ್ಟು ಸಂದು, ಕೆಳತುಟಿ ಬಲಕ್ಕೆ ಸ್ವಲ್ಪ ಜಗ್ಗಿರುತ್ತಿತ್ತು. "ಇದು ಅಲ್ಲ" ಎಂದು ನಾನು ಹೇಳಿದ್ದು ನಿನಗೆ ಕೇಳಿಸಿತೋ ಇಲ್ಲವೋ. ಎದ್ದು ಹೋಗಿ ಹೆಬ್ಬೆರಳು ಇಟ್ಟೇಬಿಟ್ಟೆ. ಜನ್ಮದಲ್ಲಿ ಮಣ್ಣು ಮುಟ್ಟಿದವನಲ್ಲ ನಾನು. ನೀನು ತಡೆಯಲಿಲ್ಲ. ಒತ್ತಿದೆ, ಜಗ್ಗಿದೆ, ಮತ್ತೆ ಬಂದು ತಾಟಿನ ಮುಂದೆ ಕೂತು ನೋಡಿದೆ.

ಅಮ್ಮಿ ಇದ್ದಳು.

ನಾನು ಅತ್ತೆ. ನೀನು ನೀರಿನ ತೊಟ್ಟಿಯಲ್ಲಿ ಏನೋ ಹುಡುಕಿದೆ. ಅದರಲ್ಲಿ ಏನೂ ಇರಲಿಲ್ಲವೆಂದು ನನಗೂ ಗೊತ್ತು, ನಿನಗೂ ಗೊತ್ತು.

ಹೊಳೆಯ ದಂಡೆಯ ಮೇಲೆ ಫರ್ಜಾನಾ "ನಾ ನೋಡೂದಿಲ್ಲ" ಎಂದು ಬೆನ್ನು ಹಾಕಿ ನಿಂತಳು. ಆಮೇಲೆ ತಿರುಗಿದಳು. "ಬಾಯಿ ಹಿಂಗ ಇತ್ತು" ಎಂದಳು, ಅಷ್ಟೇ. ಈ ಬೇಸಿಗೆಯಲ್ಲಿ ನೀರು ಮಡುವಿನಲ್ಲಿ ಮಾತ್ರ ಇತ್ತು. ನೀನು ತಳ ಹಿಡಿದೆ, ನಾನು ಕುತ್ತಿಗೆ ಹಿಡಿದೆ. ಮೊದಲು ಹುಬ್ಬು ಹೋಯಿತು, ಆಮೇಲೆ ಮೂಗು. ಕೊನೆಯ ತನಕ ನೋಡಿದೆ. ಯಾವುದನ್ನೂ ಉಳಿಸಿಕೊಳ್ಳಬೇಕೆಂದು ಅನ್ನಿಸಲಿಲ್ಲ. ಫರ್ಜಾನಾಳ ಮನೆಯಲ್ಲಿ ಮೂವರೂ ಕೂತು ಉಂಡೆವು. ನಾನು ಎರಡು ರೊಟ್ಟಿ ಹೆಚ್ಚಿಗೆ ಉಂಡೆ.

ಬಸ್ಸಿನಲ್ಲಿ ಬರುವಾಗ ರೋಣ ದಾಟಿದ ಮೇಲೆ ಕಣ್ಣು ಮುಚ್ಚಿದೆ. ಮುಖ ಬಂತು. ನಿನ್ನೆಯೂ ಬಂತು. ಈಗ ಕರೆದಾಗ ಬರುತ್ತದೆ.

ಡ್ರೈವರ್ ಸಾಹೇಬರ ಹೆಂಡತಿಯ ಮೇಲೆ ಮಾಡಿದ ಆಟವನ್ನೇ ನನ್ನ ಮೇಲೂ ಮಾಡಿದೆಯಲ್ಲ, ಕಳ್ಳ. ಬೇಕಂತ ಬಾಯಿ ತಪ್ಪು ಮಾಡಿಟ್ಟೆ. ಗೊತ್ತಿದ್ದೂ ಸಿಕ್ಕಿಬಿದ್ದೆ. ಇದನ್ನು ಇನ್ನು ಮೋಸ ಎನ್ನುವುದಿಲ್ಲ.

ನಿನ್ನ
ಮುನಾವರ


ನರಗುಂದ
6 ಮೇ 2024

ಮುನಾವರ,

ಡ್ರೈವರ್ ಸಾಹೇಬರ ಎರಕ ಮುಗಿಯಿತು. ಖಾಕಿಯಲ್ಲೇ ಇದ್ದಾರೆ, ಮೀಸೆ ಒಂದು ಕಡೆ ಗಿಡ್ಡ. ಪ್ರಬುದ್ಧ ಪೇಟದ ಮಾತನ್ನು ಮತ್ತೆ ಎತ್ತಿದ. ಅವನ ತಾಯಿ, "ಪೇಟ ಸುತ್ತಿಕೊಂಡು ಗಾಡಿ ಹೊಡೀತಿದ್ನೇನೊ ನಿಮ್ಮಪ್ಪ?" ಎಂದಳು. ಅಲ್ಲಿಗೆ ಮುಗಿಯಿತು. ಬರುವ ಸೋಮವಾರ ನರೇಗಲ್ಲಿಗೆ ಕೂರಿಸಲು ಹೋಗುತ್ತೇನೆ. ನೀನೂ ಬಾ, ಕ್ಯಾಮರಾ ತಗೊಂಡು ಬಾ. ಹೊಲದಲ್ಲಿ ಆಕೆ ಗಂಡನ ಪಕ್ಕದಲ್ಲಿ ನಿಲ್ಲುತ್ತಾಳಂತೆ. ತೆಗೆಯುವ ಮೊದಲು ಸ್ವಲ್ಪ ಹೊತ್ತು ಅದನ್ನು ಕೆಳಗಿಟ್ಟು ಆಕೆಯನ್ನು ನೋಡು.

ಈಗ ನಿನ್ನ ಆರೋಪದ ವಿಷಯ. ಹೌದು, ತಪ್ಪು ಇಟ್ಟಿದ್ದೆ. ಆದರೆ ಬಾಯಿಯಲ್ಲಿ ಅಲ್ಲ.

ನಾನು ತಪ್ಪು ಮಾಡಿದ್ದು ಎಡಗಿವಿಯಲ್ಲಿ. ಹಾಲೆ ಹರಿದು ಹೊಲಿಸಿದ್ದು, ಗಂಟಿನಂಥ ಗುರುತು, ಮೇಲ್ಗಡೆ ಬೇರೆ ತೂತು ಎಂದು ನೀನು ಅಷ್ಟು ಬರೆದಿದ್ದೆಯಲ್ಲ. ನಾನು ಹೊಲಿಗೆಯಿಲ್ಲದ, ತೂತಿಲ್ಲದ, ಹಸುಗೂಸಿನಂಥ ಕಿವಿ ಮಾಡಿಟ್ಟೆ. ಬಟ್ಟೆ ತೆಗೆದ ಕೂಡಲೇ ನೀನು ಅದನ್ನು ಹಿಡಿಯುತ್ತೀ, ಅಲ್ಲಿಂದ ಮುಂದೆ ಮಾತು ಬರುತ್ತದೆ ಎಂದು ಲೆಕ್ಕ ಹಾಕಿದ್ದೆ. ನೀನು ಆ ಕಿವಿಯ ಕಡೆ ನೋಡಲೇ ಇಲ್ಲ. ಹೊಳೆಗೆ ಹೋಗುವಾಗಲೂ ಅದು ಹಾಗೇ ಇತ್ತು, ನಿನ್ನ ಕೈಯಿಂದ ಎರಡು ಬೆರಳು ಆಚೆ.

ಬಾಯಿ ಬರೋಬರಿ ಇದೆಯೆಂದು ನಾನು ತಿಳಿದಿದ್ದೆ. ಇಡೀ ತಲೆಯಲ್ಲಿ ನನಗೆ ಹೆಮ್ಮೆಯಿದ್ದದ್ದು ಅದೊಂದರ ಮೇಲೆಯೇ. ನೀನು ಹೆಬ್ಬೆರಳು ಒತ್ತಿದಾಗ ನನಗೆ ಹೊಡೆಯುವಷ್ಟು ಸಿಟ್ಟು ಬಂದಿತ್ತು. ನನ್ನ ಕೆಲಸದ ಮೇಲೆ ಇನ್ನೊಬ್ಬರ ಬೆರಳು ಬಿದ್ದದ್ದು ಅದೇ ಮೊದಲು. ನೀನು ಕೈ ತೆಗೆದ ಮೇಲೆ ನೋಡಿದೆ. ಸಿಟ್ಟು ಇಳಿದುಹೋಯಿತು. ನಿನ್ನ ಬೆರಳಿನ ಗೆರೆಗಳು ತುಟಿಯ ಮೇಲೆ ಹಾಗೇ ಇದ್ದವು. ಒರೆಸಲು ಮನಸ್ಸಾಗಲಿಲ್ಲ.

ತೊಟ್ಟಿಯಲ್ಲಿ ಹುಡುಕುತ್ತಿದ್ದಾಗ ತಿಳಿಯಿತು ನನಗೆ. ನಾನು ಹಸಿದ ಹುಡುಗ. ಚಾಚಿ ಕೇಳುವ ಮೊದಲೇ "ಹಾಕ್ರಿ ಚಾಚಿ" ಎನ್ನುತ್ತಿದ್ದೆ. ನನ್ನ ಮುಂದೆ ಅವಳಿಗೆ ಕಾಯುವ ಪ್ರಸಂಗವೇ ಬರಲಿಲ್ಲ. ಅದಕ್ಕೆ ನನ್ನ ಚಾಚಿಯ ಬಾಯಿ ಮುಚ್ಚಿತ್ತು. ರೊಟ್ಟಿ ಬೇಕೋ ಬೇಡವೋ ಹೇಳದೆ ತಾಸುಗಟ್ಟಲೆ ಮೂತಿ ಉಬ್ಬಿಸಿ ಕೂರುತ್ತಿದ್ದವನು ನೀನು. ಉತ್ತರಕ್ಕೆ ಕಾಯುತ್ತ ನಿಂತ ಆ ಮುಖ ನಿನ್ನ ಎದುರಿಗೆ ಮಾತ್ರ ಇತ್ತು. ನನ್ನಿಂದ ಅದು ಆಗುತ್ತಲೇ ಇರಲಿಲ್ಲ.

ನಾನು ಕೊಟ್ಟದ್ದು ಹೊಳೆಯ ಮಣ್ಣು ಮಾತ್ರ. ಚಾಚಿಯನ್ನು ಮಾಡಿದವನು ನೀನು.

ಸೋಮವಾರ ಲಗೂ ಬಾ. ಬುತ್ತಿ ಭಾರತಿ ಕಟ್ಟುತ್ತಾಳೆ. ರೊಟ್ಟಿ ಎಷ್ಟು ಎಂದು ಕೇಳಿದರೆ ಕೂಡಲೇ ಹೇಳಿಬಿಡು.

ನಿನ್ನ
ನೀಲಪ್ಪ